ಪರಿಸರಸ್ನೇಹಿ ಮೆತ್ತನೆಯ ರನ್ನಿಂಗ್ ಶೂ ಪರೀಕ್ಷೆ: ಓಡುವ ಮೊದಲು ಏನು, ಓಡಿದ ಮೇಲೆ ಏನು

ಹೊಸ ಶೂ ಕೈಗೆ ಬಂದ ದಿನವೇ ಲೇಸ್ ಬಿಗಿದು ಐದು ಕಿಲೋಮೀಟರ್ ಓಡಿ ಬಂದು, "ಮೆತ್ತಗಿದೆ, ಹಗುರವಾಗಿದೆ" ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಹೆಚ್ಚಿನವರ ಪರೀಕ್ಷೆ ಕೆಡುವುದು ಇಲ್ಲೇ. ಮೂರು ತಿಂಗಳಾದ ಮೇಲೆ ಅಟ್ಟೆ ಕುಸಿದಂತೆ ಅನ್ನಿಸುತ್ತದೆ. ಎಷ್ಟು ಕುಸಿದಿದೆ ಎಂದರೆ ಉತ್ತರವಿಲ್ಲ, ಏಕೆಂದರೆ ಹೊಸದಿದ್ದಾಗ ಎಷ್ಟಿತ್ತು ಎಂದು ಬರೆದಿಟ್ಟಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅರ್ಧದಷ್ಟು ಕೆಲಸ ಶೂ ರಸ್ತೆಗಿಳಿಯುವ ಮೊದಲೇ ಮುಗಿಯುತ್ತದೆ. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಒಂದು ಹಂತ ಹಿಂದೆ ಮುಂದೆ ಆದರೆ ಅದರ ಅಳತೆ ಮತ್ತೆ ಸಿಗುವುದಿಲ್ಲ. ಹೊರಗೆ ಓಡಿದ ಶೂ ಹಿಂದಿರುಗಿಸುವುದೂ ಸಾಮಾನ್ಯವಾಗಿ ಸಾಧ್ಯವಾಗದು.

## ಮೊದಲು ಜೋಡಿಸಿಕೊಳ್ಳಬೇಕಾದವು

1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆ ತಕ್ಕಡಿ, ಆಳ ಅಳೆಯುವ ಕಡ್ಡಿಯಿರುವ ವರ್ನಿಯರ್ ಕ್ಯಾಲಿಪರ್, ದೇಹದ ತೂಕ ನೋಡುವ ಯಂತ್ರ, ಉಕ್ಕಿನ ಸ್ಕೇಲು, ಅಳಿಸದ ಶಾಯಿಯ ಸಣ್ಣ ಪೆನ್ನು, ಟಾರ್ಚ್, ವಿಸಿಟಿಂಗ್ ಕಾರ್ಡಿನಷ್ಟು ದಪ್ಪದ ಕಾಗದ, ಒಂದು ಬಿಳಿ ಬಟ್ಟೆ, ಬರೆಯಲು ಪುಸ್ತಕ.

ತೂಕದ ಯಂತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಡಿಜಿಟಲ್ ಯಂತ್ರಗಳು ಒಮ್ಮೆ ತೂಕ ತೋರಿಸಿದ ಮೇಲೆ ಅಂಕಿಯನ್ನು ಅಲ್ಲೇ ಹಿಡಿದಿಡುತ್ತವೆ. ನಮಗೆ ಒತ್ತಿದಷ್ಟೂ ಏರುವ, ಬಿಟ್ಟಷ್ಟೂ ಇಳಿಯುವ ಯಂತ್ರ ಬೇಕು. ಮುಳ್ಳು ತಿರುಗುವ ಹಳೆಯ ಮಾದರಿಯೇ ಇದಕ್ಕೆ ವಾಸಿ.

ಇವೆಲ್ಲ ಮನೆಯಲ್ಲೋ ಅಕ್ಕಪಕ್ಕದಲ್ಲೋ ಸಿಗುತ್ತವೆ. ಮಾಡಿಕೊಳ್ಳಬೇಕಾದದ್ದು ಒಂದೇ, ಒತ್ತುಗೋಲು. 30 ಸೆಂ.ಮೀ. ಉದ್ದ, 25 ಮಿ.ಮೀ. ದಪ್ಪದ ದುಂಡನೆಯ ಮರದ ಕೋಲಿನ ಒಂದು ತುದಿಗೆ 45 ಮಿ.ಮೀ. ಅಗಲದ ಮರದ ಬಿಲ್ಲೆಯನ್ನು ಸ್ಕ್ರೂನಿಂದ ಬಿಗಿಯಿರಿ. ಬಿಲ್ಲೆಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಅದು ಫೋಮ್ ಅನ್ನು ಕೊಯ್ಯುತ್ತದೆ. ಕೋಲಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ತೆಳು ಗೆರೆ ಎಳೆಯಿರಿ.

ಕೊನೆಯದಾಗಿ, ಹೋಲಿಕೆಗೆ ಇನ್ನೊಂದು ಜೊತೆ ಶೂ. ನಿಮಗೆ ಚೆನ್ನಾಗಿ ಪರಿಚಯವಿರುವ, 50ರಿಂದ 150 ಕಿ.ಮೀ. ಓಡಿರುವ ಸಾಮಾನ್ಯ ಶೂ ಇರಲಿ. 700 ಕಿ.ಮೀ. ಓಡಿ ಸೋತುಹೋದ ಹಳೆಯ ಜೊತೆಯ ಪಕ್ಕದಲ್ಲಿಟ್ಟರೆ ಯಾವ ಹೊಸ ಶೂ ಆದರೂ ಮೋಡದಂತೆ ಅನ್ನಿಸುತ್ತದೆ. ಇದು ಪರೀಕ್ಷಕರು ಪದೇ ಪದೇ ಬೀಳುವ ಗುಂಡಿ.

## ಹಂತ 1: ಚೀಟಿ ಓದುವುದು

"ಪರಿಸರಸ್ನೇಹಿ" ಎಂಬ ಪದಕ್ಕೆ ತೂಕವಿಲ್ಲ. ಯಾವ ಭಾಗ, ಯಾವ ವಸ್ತು, ಎಷ್ಟು ಶೇಕಡಾ ಎಂಬ ಮೂರಕ್ಕೂ ಉತ್ತರ ಸಿಕ್ಕರೆ ಮಾತ್ರ ಅದನ್ನು ಪರೀಕ್ಷಿಸಬಹುದು. ಡಬ್ಬಿ, ನಾಲಿಗೆಯ ಹಿಂದಿನ ಚೀಟಿ, ತಯಾರಕರ ವಿವರಪಟ್ಟಿ ಮೂರನ್ನೂ ಓದಿ ಮೂರು ಕಾಲಂ ತುಂಬಿಸಿ.

ಉದಾಹರಣೆಗೆ "ಅಪ್ಪರ್‌ನಲ್ಲಿ ಶೇ. 75 ಮರುಬಳಕೆಯ ಪಾಲಿಯೆಸ್ಟರ್" ಎಂದಿದೆ ಅನ್ನಿ. ಒಂದು ಶೂ 270 ಗ್ರಾಂ ಇದ್ದು, ಅದರಲ್ಲಿ ಅಪ್ಪರ್, ಅಂದರೆ ಪಾದವನ್ನು ಮೇಲಿನಿಂದ ಮುಚ್ಚುವ ಬಟ್ಟೆ, 60 ಗ್ರಾಂ ಇದ್ದರೆ, ಮರುಬಳಕೆಯ ಪಾಲು 45 ಗ್ರಾಂ. ಅಂದರೆ ಇಡೀ ಶೂವಿನ ಸುಮಾರು ಶೇ. 17. ಸುಳ್ಳೇನೂ ಹೇಳಿಲ್ಲ, ಆದರೆ ಶೇ. 75 ಎಂದು ಕಿವಿಗೆ ಬಿದ್ದದ್ದು ತಕ್ಕಡಿಯಲ್ಲಿ 17 ಆಗುತ್ತದೆ. ತೂಕದ ಬಹುಪಾಲು ಮಿಡ್‌ಸೋಲ್ (ಅಟ್ಟೆಯ ಮೆತ್ತನೆಯ ಫೋಮ್ ಪದರ) ಮತ್ತು ಔಟ್‌ಸೋಲ್ (ನೆಲಕ್ಕೆ ತಾಗುವ ತಳ) ಇವೆರಡರಲ್ಲಿ ಇರುವುದರಿಂದ, ಅವುಗಳ ಬಗ್ಗೆ ಚೀಟಿ ಮೌನವಾಗಿದ್ದರೆ ಅದನ್ನೇ ಬರೆದಿಡಿ.

ಮಿಡ್‌ಸೋಲ್ ಬಗ್ಗೆ ಹೆಚ್ಚು ಗೊಂದಲವಿದೆ. ಕಬ್ಬಿನ ಎಥನಾಲ್‌ನಿಂದ ಮಾಡಿದ ಇವಿಎ (ಮಿಡ್‌ಸೋಲ್‌ಗೆ ಬಳಸುವ ಒಂದು ಬಗೆಯ ಪ್ಲಾಸ್ಟಿಕ್) ಫೋಮ್ ರಾಸಾಯನಿಕವಾಗಿ ಪೆಟ್ರೋಲಿಯಂನಿಂದ ಮಾಡಿದ ಇವಿಎಯಂತೆಯೇ ಇರುತ್ತದೆ. ಮೂಲ ಸಸ್ಯ, ಆದರೆ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಹರಳೆಣ್ಣೆಯಿಂದ ತಯಾರಾಗುವ ಪೆಬಾ ಬಗೆಯ ಫೋಮ್‌ಗೂ ಇದೇ ಮಾತು. "ಸಸ್ಯಮೂಲ" ಬೇರೆ, "ಕೊಳೆಯಬಲ್ಲದು" ಬೇರೆ. "ಕಾಂಪೋಸ್ಟ್ ಆಗುತ್ತದೆ" ಎಂದಿದ್ದರೆ ಎಲ್ಲಿ ಎಂದು ಕೇಳಿ. ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಶಾಖ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹಿತ್ತಿಲ ಗುಂಡಿಯಲ್ಲಿ ಅಷ್ಟು ಶಾಖ ದಿನಗಟ್ಟಲೆ ನಿಲ್ಲುವುದಿಲ್ಲ.

ಸಸ್ಯಮೂಲದ ಪಾಲನ್ನು ನಿಜವಾಗಿ ಅಳೆಯುವುದು ಕಾರ್ಬನ್-14 ಪರೀಕ್ಷೆ. ಎಎಸ್‌ಟಿಎಂ ಡಿ6866 ಎಂಬ ಮಾನಕದ ಉಲ್ಲೇಖವಿದ್ದರೆ ಆ ಪರೀಕ್ಷೆ ಆಗಿದೆ ಎಂದರ್ಥ. "ಮಾಸ್ ಬ್ಯಾಲೆನ್ಸ್" ಎಂದಿದ್ದರೆ ವಿಷಯ ಬೇರೆ. ಕಾರ್ಖಾನೆಗೆ ಬಂದ ಒಟ್ಟು ಸಸ್ಯಮೂಲ ಕಚ್ಚಾವಸ್ತುವನ್ನು ಲೆಕ್ಕದ ಪುಸ್ತಕದಲ್ಲಿ ಹಂಚಿರುತ್ತಾರೆ, ನಿಮ್ಮ ಕೈಯಲ್ಲಿರುವ ಜೊತೆಯಲ್ಲಿ ಅಷ್ಟೇ ಇದೆ ಎಂದಲ್ಲ.

ಮುದ್ರೆಗಳಲ್ಲಿ, ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್ ಮುದ್ರೆಯನ್ನು ಗ್ರಾಹಕರಿಗೆ ಕಾಣುವಂತೆ ಹಾಕಲು ಕನಿಷ್ಠ ಶೇ. 50 ಮರುಬಳಕೆಯ ವಸ್ತು ಬೇಕು. ಓಯೆಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು ಬಟ್ಟೆಯಲ್ಲಿ ಹಾನಿಕಾರಕ ರಾಸಾಯನಿಕವಿದೆಯೇ ಎಂದು ನೋಡುವಂಥದ್ದು. ಮರುಬಳಕೆಗೂ ಅದಕ್ಕೂ ಸಂಬಂಧವಿಲ್ಲ. "ವೀಗನ್" ಎಂದರೆ ಪ್ರಾಣಿಜನ್ಯ ವಸ್ತು ಇಲ್ಲ ಎಂದಷ್ಟೇ. ಪೂರ್ತಿ ಪ್ಲಾಸ್ಟಿಕ್ ಶೂ ಕೂಡ ವೀಗನ್ನೇ.

ಇಂಗಾಲದ ಲೆಕ್ಕ, ಅಂದರೆ ಶೂವಿನಿಂದಾಗಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ಅಂಕಿ, ಕೊಟ್ಟಿದ್ದರೆ ಅದು ಒಂದು ಶೂವಿಗೋ ಒಂದು ಜೊತೆಗೋ, ಕಾರ್ಖಾನೆಯ ಬಾಗಿಲವರೆಗೋ ಎಸೆಯುವವರೆಗೋ ಎಂಬ ಎರಡು ವಿವರ ಹುಡುಕಿ. ಐಎಸ್‌ಒ 14067 ಎಂಬ ಮಾನಕದ ಪ್ರಕಾರ ಲೆಕ್ಕ ಹಾಕಿದ್ದರೆ ಈ ಗಡಿಗಳನ್ನು ಹೇಳಿರಬೇಕು. ಈ ಅಂಕಿ ಕೊನೆಯ ಹಂತದಲ್ಲಿ ಬೇಕಾಗುತ್ತದೆ.

ತಯಾರಾದ ತಿಂಗಳನ್ನೂ ನೋಡಿಕೊಳ್ಳಿ. ಪಾಲಿಯುರೆಥೇನ್ ಮಿಡ್‌ಸೋಲ್ ಆಗಿದ್ದರೆ ಗಾಳಿಯ ತೇವವೇ ಅದನ್ನು ಒಳಗೊಳಗೇ ಒಡೆಯುತ್ತದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಶೂ ನೋಡಲು ಹೊಸದು, ಹಾಕಿಕೊಂಡು ಓಡಿದರೆ ಅಟ್ಟೆ ಪುಡಿಪುಡಿ.

## ಹಂತ 2: ಕಾಲಿಗೆ ಹಾಕುವ ಮೊದಲಿನ ಅಳತೆ

ಡಬ್ಬಿಯಿಂದ ತೆಗೆದು, ಒಳಗಿನ ಕಾಗದ ಕಿತ್ತು, ಕೋಣೆಯ ಶಾಖದಲ್ಲಿ ಒಂದು ದಿನ ಬಿಡಿ. ಫೋಮ್ ಶಾಖಕ್ಕೆ ತಕ್ಕಂತೆ ಗಡಸು-ಮೆದು ಆಗುವುದರಿಂದ ಮುಂದಿನ ಎಲ್ಲ ಅಳತೆಗಳೂ ಇದೇ ಶಾಖದಲ್ಲಿ ಆಗಬೇಕು. ಪುಸ್ತಕದಲ್ಲಿ ಡಿಗ್ರಿ ಬರೆಯಿರಿ.

ತೂಕ. ಎಡ, ಬಲ ಬೇರೆ ಬೇರೆ ತೂಗಿ. ಆಮೇಲೆ ಇನ್‌ಸೋಲ್ (ಶೂವಿನೊಳಗೆ ಪಾದದಡಿ ಇರುವ ಬಿಡಿ ಹಾಸು) ತೆಗೆದು ಅದನ್ನೊಂದೇ ತೂಗಿ. ಎಡಬಲದ ನಡುವೆ ನಾಲ್ಕೈದು ಗ್ರಾಂ ವ್ಯತ್ಯಾಸ ಸಹಜ. 10 ಗ್ರಾಂ ದಾಟಿದರೆ ಅಂಟು ಅಥವಾ ಫೋಮ್ ಎಲ್ಲೋ ಹೆಚ್ಚುಕಡಿಮೆಯಾಗಿದೆ, ಮುಂದಿನ ಒತ್ತು ಪರೀಕ್ಷೆಯಲ್ಲಿ ಎರಡನ್ನೂ ಹೋಲಿಸಿ. ತೂಕ ಎಷ್ಟು ಮುಖ್ಯ ಎಂದರೆ, ಒಂದೊಂದು ಶೂವಿಗೆ 100 ಗ್ರಾಂ ಹೆಚ್ಚಾದರೆ ಓಟಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇ. 1ರಷ್ಟು ಏರುತ್ತದೆ. ಹಾಗಾಗಿ 15 ಗ್ರಾಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎತ್ತರ. ಹೊರಗಿನಿಂದ ಮಿಡ್‌ಸೋಲ್ ಅಳೆದು "40 ಮಿ.ಮೀ. ಮೆತ್ತೆ" ಎನ್ನುವುದು ಮಾಮೂಲಿ ತಪ್ಪು. ಮೆತ್ತನೆಯ ಶೂಗಳಲ್ಲಿ ಪಕ್ಕದ ಗೋಡೆ ಮೇಲೆದ್ದಿರುತ್ತದೆ, ಪಾದ ಬಟ್ಟಲಿನೊಳಗೆ ಕೂತಂತೆ ಕೆಳಗಿರುತ್ತದೆ. ಒತ್ತುಗೋಲನ್ನು ಹಿಮ್ಮಡಿಯ ನಡುಭಾಗಕ್ಕೆ ನೇರವಾಗಿ ಇಳಿಸಿ, ಮೇಜಿನಿಂದ ಕೋಲಿನ ತುದಿಯವರೆಗಿನ ಎತ್ತರ ಅಳೆದು, ಅದರಿಂದ ಬಿಲ್ಲೆಯೂ ಸೇರಿದ ಕೋಲಿನ ಉದ್ದ ಕಳೆಯಿರಿ. ಉಳಿದದ್ದೇ ಹಿಮ್ಮಡಿಯ ಕೆಳಗಿನ ನಿಜವಾದ ದಪ್ಪ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ ನಿಯಮದಲ್ಲಿ ಹಿಮ್ಮಡಿಯ ದಪ್ಪವನ್ನು ಹಿಂದಿನಿಂದ ಒಳ ಉದ್ದದ ಶೇ. 12ರಲ್ಲೂ ಮುಂಗಾಲಿನ ದಪ್ಪವನ್ನು ಶೇ. 75ರಲ್ಲೂ ಅಳೆಯುತ್ತಾರೆ. ನೀವೂ ಹಿಮ್ಮಡಿಗೆ ಅದೇ ಜಾಗ ಹಿಡಿಯಿರಿ. ಮುಂಗಾಲಿಗೆ ಕೋಲು ನೇರವಾಗಿ ಇಳಿಯುವುದಿಲ್ಲ, ಆ ಅಳತೆ ಬಿಟ್ಟುಬಿಡಿ.

ಗುರುತಿನ ಚುಕ್ಕೆಗಳು. ಮಿಡ್‌ಸೋಲಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಜಾಗದಲ್ಲಿ, ಅಂದರೆ ಹಿಮ್ಮಡಿಯ ಹೊರಬದಿ, ಒಳಬದಿ, ಮುಂಗಾಲಿನ ಹೊರಬದಿ, ಒಳಬದಿಗಳಲ್ಲಿ, ಮೇಲೊಂದು ಕೆಳಗೊಂದು ಚುಕ್ಕೆ ಇಡಿ. ಎರಡು ಚುಕ್ಕೆಗಳ ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ ದಶಾಂಶದವರೆಗೆ ಅಳೆದು ಬರೆಯಿರಿ. ಫೋಮ್ ಯಾವ ಬದಿಗೆ ಕುಸಿಯುತ್ತಿದೆ ಎಂದು ನೂರು ಕಿಲೋಮೀಟರ್ ಆದ ಮೇಲೆ ಹೇಳುವುದು ಈ ಎಂಟು ಚುಕ್ಕೆಗಳೇ. ಔಟ್‌ಸೋಲಿನಲ್ಲಿ ಐದು ಕಡೆ ಗುಬ್ಬಿಗಳ (ಹಿಡಿತಕ್ಕಾಗಿ ಉಬ್ಬಿರುವ ತುಣುಕುಗಳ) ಆಳವನ್ನೂ ಬರೆದುಕೊಳ್ಳಿ.

ಅಂಟು. ಶೂವನ್ನು ಮುಂಗಾಲಿನಲ್ಲಿ ಬಗ್ಗಿಸಿ ಹಿಡಿದು, ಅಪ್ಪರ್ ಮತ್ತು ಮಿಡ್‌ಸೋಲ್ ಸೇರುವ ಗೆರೆಯಲ್ಲಿ ಕಾಗದದ ಮೂಲೆಯನ್ನು ತೂರಿಸಿ ನೋಡುತ್ತಾ ಸುತ್ತ ಬನ್ನಿ. ಬೆರಳ ತುದಿಯ ಭಾಗ, ಬಾಗುವ ಗೆರೆಯ ಎರಡು ಬದಿ, ಕಮಾನಿನ ಒಳಬದಿಗಳಲ್ಲಿ ನಿಧಾನಿಸಿ. ನೀರು ಆಧಾರಿತ ಅಂಟು ಬಳಸಿದ ಶೂವಿನಲ್ಲಿ ಅದು ಒಣಗಿದ ಕ್ರಮ ಸರಿಯಿದ್ದರೆ ಹಿಡಿತಕ್ಕೆ ಕೊರತೆಯಿಲ್ಲ, ಅವಸರ ಮಾಡಿದ್ದರೆ ಮಾತ್ರ ಅಂಚು ಬಿಡುತ್ತದೆ. ಕಾಗದ 3 ಮಿ.ಮೀ. ಗಿಂತ ಒಳಗೆ ಹೋದರೆ ಫೋಟೋ ತೆಗೆದು ಶೂ ಹಿಂದಿರುಗಿಸಿ. ಇಂಥ ಬಾಯಿ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

## ಹಂತ 3: ಒತ್ತು ಪರೀಕ್ಷೆ

ಅಂಗಡಿಯಲ್ಲಿ ಹೆಬ್ಬೆರಳಿನಿಂದ ಮಿಡ್‌ಸೋಲ್ ಒತ್ತಿ ನೋಡುವವರನ್ನು ಕಂಡಿರುತ್ತೀರಿ. ಬೆರಳು ಒತ್ತುವುದು ಗೋಡೆಯ ಚರ್ಮದಂಥ ಹೊರಪದರವನ್ನು, ಅದೂ ಕೆಲವೇ ಕಿಲೋ ಬಲದಲ್ಲಿ. ಓಡುವಾಗ ಒಂದೊಂದು ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ.

1. ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲಿಟ್ಟು, ಮೇಲೆ ಶೂ ಇಡಿ. ಇನ್‌ಸೋಲ್ ತೆಗೆದಿರಲಿ.
2. ಪಕ್ಕದಲ್ಲಿ ಭಾರದ ಡಬ್ಬಿಯೊಂದಕ್ಕೆ ಉಕ್ಕಿನ ಸ್ಕೇಲನ್ನು ನೆಟ್ಟಗೆ ಅಂಟಿಸಿ, ಕೋಲಿನ ಗೆರೆ ಸ್ಕೇಲಿನ ಪಕ್ಕಕ್ಕೆ ಬರುವಂತೆ ನಿಲ್ಲಿಸಿ.
3. ಫೋನನ್ನು ಗೆರೆಯ ಮಟ್ಟದಲ್ಲೇ ಇಟ್ಟು ವಿಡಿಯೊ ಹಾಕಿ. ಯಂತ್ರದ ಅಂಕಿ, ಸ್ಕೇಲು ಎರಡೂ ಒಂದೇ ಚೌಕಟ್ಟಿನಲ್ಲಿ ಬರಲಿ. ಫೋನು ಮೇಲಿದ್ದರೆ ಓದು ಒಂದೆರಡು ಮಿ.ಮೀ. ತಪ್ಪುತ್ತದೆ.
4. ಮೊದಲು ಹತ್ತು ಬಾರಿ ಸುಮ್ಮನೆ ಒತ್ತಿ ಬಿಡಿ. ಹೊಸ ಫೋಮ್ ಮೊದಲ ಕೆಲವು ಒತ್ತಿಗೆ ಗಡುಸಾಗಿ ವರ್ತಿಸಿ ಆಮೇಲೆ ಹದಕ್ಕೆ ಬರುತ್ತದೆ.
5. ಎರಡೂ ಕೈಯಿಂದ ಮೈಭಾರ ಹಾಕಿ 10, 20, 30, 40 ಕಿಲೋದಲ್ಲಿ ಐದೈದು ಸೆಕೆಂಡು ನಿಲ್ಲಿಸಿ. ವಿಡಿಯೊ ನೋಡಿ ಗೆರೆ ಎಷ್ಟು ಇಳಿಯಿತು ಎಂದು ಬರೆಯಿರಿ.
6. ಇದನ್ನು ಐದು ಸಲ ಮಾಡಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಎರಡನ್ನು ಬಿಟ್ಟು ಉಳಿದ ಮೂರರ ಸರಾಸರಿ ಇಟ್ಟುಕೊಳ್ಳಿ. ಹೋಲಿಕೆಯ ಶೂವಿಗೂ ಇದೇ ರೀತಿ.

ನೋಡಬೇಕಾದದ್ದು ಒಟ್ಟು ಎಷ್ಟು ಇಳಿಯಿತು ಎಂಬುದಕ್ಕಿಂತ, ಪ್ರತಿ 10 ಕಿಲೋಗೆ ಎಷ್ಟೆಷ್ಟು ಇಳಿಯುತ್ತಾ ಹೋಯಿತು ಎಂಬುದನ್ನು. ಮೊದಲ 10 ಕಿಲೋಗೆ 4 ಮಿ.ಮೀ., ಆಮೇಲೆ 3, ಆಮೇಲೆ 2, ಆಮೇಲೆ ಅರ್ಧ ಎಂದಾದರೆ ಫೋಮ್ ತಳ ಮುಟ್ಟುತ್ತಿದೆ. ಇಂಥ ಶೂ ಹಾಕಿ ನಿಂತರೆ ಹತ್ತಿಯಂತೆ, ಓಡಿದರೆ ಹಲಗೆಯಂತೆ. 4, 3, 3, 2 ಎಂದು ಇಳಿಯುವ ಶೂ ನಿಂತಾಗ ಅಷ್ಟು ಮೆತ್ತಗೆ ಅನ್ನಿಸದಿದ್ದರೂ ದೂರದ ಓಟದಲ್ಲಿ ಕಾಪಾಡುವುದು ಅದೇ. (ಉಕ್ಕಿನ ಗುಂಡು ಬೀಳಿಸಿ ಎಷ್ಟು ಪುಟಿಯುತ್ತದೆ ಎಂದು ನೋಡುವ ಇನ್ನೊಂದು ಆಟವಿದೆ. ಇನ್‌ಸೋಲಿನ ಕೆಳಗೆ ಹೊಲಿದಿರುವ ಬಟ್ಟೆಯ ಹಲಗೆಯೇ ಪುಟಿತವನ್ನು ನುಂಗಿಬಿಡುವುದರಿಂದ, ನೋಡಲು ಚೆನ್ನ, ಕೆಲಸಕ್ಕೆ ಬಾರದು.)

ಒಂದು ಬಾರಿ ಇನ್‌ಸೋಲ್ ಹಾಕಿಯೂ 40 ಕಿಲೋ ಅಳತೆ ತೆಗೆಯಿರಿ. "ಮೆತ್ತೆ ಸತ್ತುಹೋಯಿತು" ಎಂಬ ದೂರಿನಲ್ಲಿ ಎಷ್ಟೋ ಸಲ ಸತ್ತಿರುವುದು ಮಿಡ್‌ಸೋಲ್ ಅಲ್ಲ, ಇನ್‌ಸೋಲ್. ಅದನ್ನು ಬದಲಿಸಿದರೆ ಶೂ ಇನ್ನಷ್ಟು ದಿನ ಬರುತ್ತದೆ. ಮುಂದೆ ಇವೆರಡನ್ನು ಬಿಡಿಸಿ ಹೇಳಲು ಈ ಒಂದು ಅಂಕಿ ಸಾಕು.

## ಹಂತ 4: ಮನೆಯೊಳಗೆ ಕಾಲಿಗೆ ಹಾಕಿ

ಸಂಜೆ ಹಾಕಿ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ. ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಂತರೆ ಪಾದ ಅಂಚು ದಾಟುತ್ತದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಅತಿ ಉದ್ದದ ಬೆರಳಿನ ಮುಂದೆ 10–12 ಮಿ.ಮೀ. ಜಾಗ ಇರಬೇಕು. ಎಲ್ಲರಿಗೂ ಹೆಬ್ಬೆರಳೇ ಉದ್ದ ಇರುವುದಿಲ್ಲ, ನಿಮ್ಮದು ಯಾವುದು ಎಂದು ನೋಡಿಕೊಳ್ಳಿ.

ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲು ಹತ್ತಿಳಿಯಿರಿ. ಆಮೇಲೆ ಒಂಟಿಕಾಲಲ್ಲಿ ಮೂವತ್ತು ಸೆಕೆಂಡು ನಿಲ್ಲಿ. ದಪ್ಪ ಮೆತ್ತೆಯ ಶೂಗಳ ದೌರ್ಬಲ್ಯ ಇಲ್ಲೇ ಹೊರಬೀಳುತ್ತದೆ: ಹಿಮ್ಮಡಿ ಒಳಗೋ ಹೊರಗೋ ವಾಲುತ್ತದೆ. ಹೋಲಿಕೆಯ ಶೂವಿನಲ್ಲಿ ನಿಂತಷ್ಟು ಸಲೀಸಾಗಿ ನಿಲ್ಲಲಾಗದಿದ್ದರೆ ದಣಿದ ಕಾಲಿನಲ್ಲಿ ಇದು ಇನ್ನೂ ಕಷ್ಟ.

ಬೆರಳು ಜೋಮು ಹಿಡಿದರೆ ಶೂವನ್ನು ದೂರುವ ಮೊದಲು ಲೇಸ್ ಸಡಿಲಿಸಿ ನೋಡಿ. ಹಿಮ್ಮಡಿ ಜಾರಿದರೆ ಮೇಲಿನ ಕೊನೆಯ ತೂತಿನಲ್ಲಿ ಲೇಸನ್ನು ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆಯಿರಿ. ಅದಕ್ಕೂ ಬಗ್ಗದಿದ್ದರೆ ಅಳತೆಯೇ ತಪ್ಪು. ಹಿಂದಿರುಗಿಸಲು ಇದೇ ಕೊನೆಯ ಅವಕಾಶ.

## ಹಂತ 5: ಮೊದಲ 15 ಕಿಲೋಮೀಟರ್

3 ಕಿ.ಮೀ., ಒಂದು ದಿನ ಬಿಟ್ಟು 5 ಕಿ.ಮೀ., ಮತ್ತೊಂದು ದಿನ ಬಿಟ್ಟು 7 ಕಿ.ಮೀ. ಎಲ್ಲವೂ ಮಾತಾಡುತ್ತಾ ಓಡಬಹುದಾದ ವೇಗದಲ್ಲಿ, ಸಮತಟ್ಟು ಗಟ್ಟಿ ರಸ್ತೆಯಲ್ಲಿ. ಟ್ರೆಡ್‌ಮಿಲ್ ಬೇಡ, ಅದರ ಹಲಗೆಯೇ ಬಾಗುವುದರಿಂದ ಮೆತ್ತೆ ಯಾವುದರದ್ದು ಎಂದು ತಿಳಿಯುವುದಿಲ್ಲ.

ಈ ಮೂರು ಓಟದಲ್ಲಿ ಮೆತ್ತೆಯ ಬಗ್ಗೆ ತೀರ್ಪು ಬರೆಯಬೇಡಿ. ಎಲ್ಲಿ ಉಜ್ಜುತ್ತದೆ, ಎಲ್ಲಿ ಬಿಸಿಯಾಗುತ್ತದೆ, ಎಷ್ಟನೇ ಕಿಲೋಮೀಟರಿನಲ್ಲಿ ಎಂದಷ್ಟೇ ಬರೆಯಿರಿ. ಹಿಮ್ಮಡಿ-ಮುಂಗಾಲಿನ ಎತ್ತರದ ವ್ಯತ್ಯಾಸ ನಿಮ್ಮ ಹಳೆಯ ಶೂವಿಗಿಂತ ಕಡಿಮೆ ಇದ್ದರೆ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ನರದಂಥ ಸ್ನಾಯುರಜ್ಜು ಮರುದಿನ ಬಿಗಿಯುತ್ತದೆ. ಬಿಗಿತ ಎರಡು ದಿನದಲ್ಲಿ ಬಿಟ್ಟರೆ ಅಭ್ಯಾಸದ ಮಾತು. ಬೆಳಗ್ಗೆ ಎದ್ದ ಮೊದಲ ಹೆಜ್ಜೆಗೆ ಚುಚ್ಚುವ ನೋವು, ಮಂಡಿಯ ಒಂದೇ ಜಾಗದಲ್ಲಿ ಮರುಕಳಿಸುವ ನೋವು, ಕಪ್ಪಾಗುವ ಉಗುರು ಕಂಡರೆ ಪರೀಕ್ಷೆ ನಿಲ್ಲಿಸಿ.

## ಹಂತ 6: ಪಕ್ಕಪಕ್ಕದ ಓಟ

ನಿನ್ನೆ ಒಂದು, ಇಂದು ಇನ್ನೊಂದು ಶೂ ಹಾಕಿ ಓಡಿ ಹೋಲಿಸಿದರೆ ನಿದ್ದೆ, ಬಿಸಿಲು, ಗಾಳಿ ಎಲ್ಲ ನಡುವೆ ಬರುತ್ತವೆ. ಹೃದಯ ಬಡಿತ ಏನೂ ಕಾರಣವಿಲ್ಲದೆ ದಿನದಿಂದ ದಿನಕ್ಕೆ ಕೆಲವು ಬಡಿತ ಹೆಚ್ಚುಕಡಿಮೆಯಾಗುತ್ತದೆ. ಒಂದೇ ದಿನ, ಒಂದೇ ಜಾಗದಲ್ಲಿ, ನಾಲ್ಕು ತುಂಡಾಗಿ ಓಡಿ: ಹಳೆಯದು, ಹೊಸದು, ಹೊಸದು, ಹಳೆಯದು. ದಣಿವು ಏರುತ್ತಾ ಹೋದರೂ ಮೊದಲ ಮತ್ತು ಕೊನೆಯ ತುಂಡು ಹಳೆಯದಕ್ಕೆ, ನಡುವಿನ ಎರಡು ಹೊಸದಕ್ಕೆ ಸಿಗುವುದರಿಂದ ಅದು ಎರಡರ ಮೇಲೂ ಸಮನಾಗಿ ಬೀಳುತ್ತದೆ.

400 ಮೀಟರ್ ಟ್ರ್ಯಾಕ್ ಇದ್ದರೆ ಒಂದೊಂದು ತುಂಡಿಗೆ ಒಳಗಿನ ಲೇನಿನಲ್ಲಿ ಮೂರು ಸುತ್ತು, ನಡುವೆ ಐದು ನಿಮಿಷ ಬಿಡುವು. ವೇಗವನ್ನು ಜಿಪಿಎಸ್ ನೋಡಿ ಹಿಡಿಯಬೇಡಿ, ಸುತ್ತಿನ ಸಮಯದಿಂದ ಹಿಡಿಯಿರಿ. ಪ್ರತಿ ತುಂಡು ಮುಗಿದ ತಕ್ಷಣ ಸರಾಸರಿ ಹೃದಯ ಬಡಿತ, ನಿಮಿಷಕ್ಕೆ ಹೆಜ್ಜೆ, ಶ್ರಮಕ್ಕೆ ಹತ್ತರಲ್ಲಿ ಅಂಕ ಬರೆಯಿರಿ. ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಓಡಿ: ಹೆಜ್ಜೆಯ ಸದ್ದು ಪಟಪಟ ಎಂದು ಏರಿದರೆ ಮುಂಗಾಲು ನೆಲಕ್ಕೆ ಅಪ್ಪಳಿಸುತ್ತಿದೆ ಎಂದರ್ಥ. ಮೆತ್ತೆ ಹೆಚ್ಚಿದ್ದೂ ಸದ್ದು ಜೋರಾಗುವ ಶೂಗಳಿವೆ.

ಬೇರೆ ಬೇರೆ ದಿನ ಇದನ್ನು ಮೂರು ಸಲ ಮಾಡಿ. ಮೂರರಲ್ಲೂ ವ್ಯತ್ಯಾಸ ಒಂದೇ ದಿಕ್ಕಿಗೆ ಬಂದರೆ ನಂಬಿ. ಎರಡು ಅತ್ತ, ಒಂದು ಇತ್ತ ಎಂದಾದರೆ ವ್ಯತ್ಯಾಸವಿಲ್ಲ ಎಂದೇ ಬರೆಯಿರಿ.

## ಹಂತ 7: ನೀರು, ಶಾಖ, ತಂಪು

ಒದ್ದೆ ನೆಲದ ಹಿಡಿತ ನೋಡುವುದು 15 ಕಿ.ಮೀ. ಆದ ಮೇಲೆ. ಹೊಸ ರಬ್ಬರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿರುತ್ತದೆ, ಅದು ಸವೆಯುವವರೆಗೆ ಎಲ್ಲ ಶೂಗಳೂ ಜಾರುತ್ತವೆ. ಒದ್ದೆ ಮಾಡಿದ ಸಮತಟ್ಟು ಟೈಲ್ಸ್ ಮತ್ತು ರಸ್ತೆಗೆ ಬಳಿದ ಬಿಳಿ ಪಟ್ಟೆಯ ಮೇಲೆ ಮೊದಲು ನಡೆದು, ಆಮೇಲೆ ನಿಧಾನವಾಗಿ ಓಡಿ ನಿಲ್ಲಿ. ಇಳಿಜಾರಿನಲ್ಲಿ ಮಾಡಿ ಸೊಂಟ ಮುರಿದುಕೊಳ್ಳಬೇಡಿ.

ಒಣಗುವ ಪರೀಕ್ಷೆ ಪರಿಸರಸ್ನೇಹಿ ಶೂಗಳಿಗೆ ವಿಶೇಷವಾಗಿ ಬೇಕು. ಪಾಲಿಯೆಸ್ಟರ್ ನಾರು ತನ್ನೊಳಗೆ ಹೀರುವ ತೇವ ಶೇ. 0.4ರಷ್ಟು, ಹತ್ತಿ ಶೇ. 8, ಉಣ್ಣೆ ಶೇ. 16ರ ಆಸುಪಾಸು. ಹತ್ತಿ, ಉಣ್ಣೆ, ಸೆಣಬಿನಂಥ ನಾರಿನ ಅಪ್ಪರ್ ಒದ್ದೆಯಾದರೆ ಭಾರ ಹೊತ್ತುಕೊಂಡೇ ಓಡಬೇಕು. ಒಣ ಶೂ ತೂಗಿ, ಬಕೆಟ್ಟಿನಲ್ಲಿ ಐದು ನಿಮಿಷ ಮುಳುಗಿಸಿ, ಹಿಮ್ಮಡಿ ಮೇಲಾಗಿ ಒಂದು ನಿಮಿಷ ಹಿಡಿದು ನೀರು ಸೋರಿಸಿ, ಮತ್ತೆ ತೂಗಿ. ನೆರಳಿನಲ್ಲಿಟ್ಟು 1, 2, 4, 8, 24 ಗಂಟೆಗೆ ತೂಕ ಬರೆಯಿರಿ. 24 ಗಂಟೆಯಾದರೂ 10 ಗ್ರಾಂಗಿಂತ ಹೆಚ್ಚು ನೀರು ಉಳಿದಿದ್ದರೆ ಮಳೆಗಾಲದಲ್ಲಿ ದಿನಬಿಟ್ಟು ದಿನ ಓಡುವವರಿಗೆ ಈ ಒಂದು ಜೊತೆ ಸಾಲದು. ಒದ್ದೆ ಇರುವಾಗಲೇ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ, ಒಣಗಿದ ಮೇಲೆ ಅಂಟಿನ ಗೆರೆಯಲ್ಲಿ ಮತ್ತೆ ಕಾಗದ ತೂರಿಸಿ.

ತಂಪಿಗೆ, ಶೂವನ್ನು ಚೀಲದಲ್ಲಿ ಸುತ್ತಿ ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಟ್ಟು ತಕ್ಷಣ ಒತ್ತು ಪರೀಕ್ಷೆ ಮಾಡಿ. ಇವಿಎ ಸಾಮಾನ್ಯವಾಗಿ ಎದ್ದು ಕಾಣುವಷ್ಟು ಗಡುಸಾಗುತ್ತದೆ, ಟಿಪಿಯು (ಇನ್ನೊಂದು ಬಗೆಯ ಫೋಮ್) ಮತ್ತು ಪೆಬಾ ಕಡಿಮೆ. ಚಳಿಯಲ್ಲಿ ಓಡದವರು ಇದನ್ನು ಬಿಡಬಹುದು. ಶಾಖದ ಪರೀಕ್ಷೆ ಬೇಕೆಂದು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಅಂಟು ಬಿಟ್ಟರೆ ಅದು ಶೂವಿನ ದೋಷವೋ ನಿಮ್ಮದೋ ಗೊತ್ತಾಗುವುದಿಲ್ಲ. ವಾಷಿಂಗ್ ಮೆಷೀನಿಗೂ ಇದೇ ಮಾತು.

## ಹಂತ 8: 100, 200, 300 ಕಿಲೋಮೀಟರ್ ಅಳತೆ

ಪ್ರತಿ ನೂರಕ್ಕೊಮ್ಮೆ 2 ಮತ್ತು 3ನೇ ಹಂತದ ಅಳತೆಗಳನ್ನು ಹಾಗೆಯೇ ಪುನಃ ಮಾಡಿ. ಕೊನೆಯ ಓಟದಿಂದ 48 ಗಂಟೆ ಬಿಡುವಿರಲಿ. ಓಡಿ ಬಂದ ಕೂಡಲೇ ಅಳೆದರೆ ಫೋಮ್ ಇನ್ನೂ ಚಪ್ಪಟೆಯಾಗಿ, ಬಿಸಿಯಾಗಿ ಇರುತ್ತದೆ. ಬಂದ ಅಂಕಿ ಕುಸಿತದ್ದಲ್ಲ, ದಣಿವಿನದ್ದು.

ಮೊದಲ ನೂರರಲ್ಲಿ ಅಂಕಿ ಸ್ವಲ್ಪ ಬದಲಾಗಿ ಆಮೇಲೆ ನಿಂತರೆ ಫೋಮ್ ಹದಕ್ಕೆ ಕೂತಿದೆ. ಪ್ರತಿ ನೂರಕ್ಕೂ ಅಷ್ಟಷ್ಟೇ ಬದಲಾಗುತ್ತಾ ಹೋದರೆ ಫೋಮಿನ ಗುಳ್ಳೆಗಳು ಒಡೆಯುತ್ತಿವೆ. ಹಿಮ್ಮಡಿಯ ದಪ್ಪ ಇಳಿದಿದ್ದು, ಜೊತೆಗೆ 40 ಕಿಲೋದ ಒತ್ತಿಗೆ ಮೊದಲಿಗಿಂತ ಕಡಿಮೆ ಬಗ್ಗುತ್ತಿದ್ದರೆ ಮೆತ್ತೆ ಚಪ್ಪಟೆಯಾಗಿ ಗಟ್ಟಿಯಾಗಿದೆ. ಮೊದಲಿಗಿಂತ ಶೇ. 20ಕ್ಕೂ ಹೆಚ್ಚು ಬದಲಾವಣೆಯನ್ನು ಎಚ್ಚರಿಕೆಯ ಗಂಟೆ ಎಂದುಕೊಳ್ಳಿ. ಇನ್‌ಸೋಲ್ ಹಾಕಿದಾಗ ಮಾತ್ರ ಬದಲಾವಣೆ ಕಂಡರೆ ಇನ್‌ಸೋಲ್ ಬದಲಿಸಿ ಮುಂದುವರಿಯಿರಿ.

ಚುಕ್ಕೆಗಳಲ್ಲಿ ಒಳಬದಿ ಹೊರಬದಿಗಿಂತ ಬೇಗ ಇಳಿಯುತ್ತಿದ್ದರೆ ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿಯ ಬಟ್ಟಲು ಒಂದು ಪಕ್ಕಕ್ಕೆ ವಾಲಿರುವುದು ಕಣ್ಣಿಗೇ ಕಾಣುತ್ತಿದ್ದರೆ ಆ ಶೂವಿನಲ್ಲಿ ಓಟ ಮುಗಿಯಿತು. ಗೋಡೆಯ ಮೇಲೆ ಕೂದಲೆಳೆಯಂಥ ಸುಕ್ಕುಗಳು ಎಲ್ಲ ಫೋಮಿನಲ್ಲೂ ಬರುತ್ತವೆ. ಶೂ ಬಿಚ್ಚಿಟ್ಟ ಮರುದಿನವೂ ಆಳವಾಗಿ ಮಡಚಿಕೊಂಡೇ ಇದ್ದರೆ ಮಾತ್ರ ಚಿಂತೆ.

ಔಟ್‌ಸೋಲಿನ ಲೆಕ್ಕ ಸುಲಭ. ಹಿಮ್ಮಡಿಯ ಹೊರಮೂಲೆಯ ಗುಬ್ಬಿ ಹೊಸದರಲ್ಲಿ 3.2 ಮಿ.ಮೀ. ಇದ್ದು, 150 ಕಿ.ಮೀ.ಗೆ 2.7ಕ್ಕೆ ಇಳಿದರೆ ಸವೆದದ್ದು ಅರ್ಧ ಮಿ.ಮೀ. ಅರ್ಧ ಮಿ.ಮೀ. ಉಳಿಯುವವರೆಗೆ ಓಡಬಹುದು ಎಂದುಕೊಂಡರೆ ಬಳಸಲು ಸಿಗುವುದು 2.7 ಮಿ.ಮೀ., ಅಂದರೆ ಸುಮಾರು 810 ಕಿ.ಮೀ. ಐದು ಜಾಗಗಳಲ್ಲಿ ಅತಿ ಬೇಗ ಸವೆಯುವುದರ ಲೆಕ್ಕವೇ ಶೂವಿನ ಲೆಕ್ಕ, ಸರಾಸರಿ ತೆಗೆಯಬೇಡಿ. ವಸ್ತು ಉಳಿಸಲೆಂದು ರಬ್ಬರ್ ಕಡಿಮೆ ಮಾಡಿ ಫೋಮ್ ಅನ್ನೇ ನೆಲಕ್ಕೆ ಬಿಟ್ಟ ಮಾದರಿಗಳಿವೆ. ಅಲ್ಲಿ ಫೋಮ್ ಸವೆದ ಚೂರು ರಸ್ತೆಯ ಮೇಲೇ ಉಳಿಯುತ್ತದೆ. ಆ ಜಾಗಗಳ ಫೋಟೋ ಪ್ರತಿ ನೂರಕ್ಕೊಮ್ಮೆ ತೆಗೆಯಿರಿ.

ಅಪ್ಪರ್‌ಗೆ ಹೊರಗಿನ ನೋಟ ಸಾಲದು. ಟಾರ್ಚನ್ನು ಒಳಗಿಟ್ಟು ಕತ್ತಲಲ್ಲಿ ನೋಡಿ. ಹೆಬ್ಬೆರಳಿನ ಮೇಲೆ, ಕಿರುಬೆರಳಿನ ಪಕ್ಕ ಬೆಳಕು ಬೇರೆಡೆಗಿಂತ ಹೆಚ್ಚು ಸೋರಿದರೆ ಅಲ್ಲಿ ನೂಲು ತೆಳುವಾಗಿದೆ, ತೂತಾಗಲು ಹೆಚ್ಚು ದಿನವಿಲ್ಲ.

## ಹಂತ 9: ಕಿಲೋಮೀಟರಿಗೆ ಎಷ್ಟು ಗ್ರಾಂ

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಮೂಲಿ ರನ್ನಿಂಗ್ ಶೂ ಜೊತೆಯೊಂದರ ಇಂಗಾಲದ ಹೊರೆ ಸುಮಾರು 14 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಎಂದು ಲೆಕ್ಕ ಹಾಕಿದರು. ಅದರಲ್ಲಿ ಮೂರನೇ ಎರಡು ಪಾಲು ತಯಾರಿಕೆಯದ್ದೇ. 65 ಬಿಡಿಭಾಗ, 360 ಹಂತದ ಕೆಲಸ. ಹೋಲಿಕೆಗೆ ಇದನ್ನು ಇಟ್ಟುಕೊಳ್ಳಬಹುದು.

ಚೀಟಿಯಲ್ಲಿ ಕೊಟ್ಟ ಇಂಗಾಲದ ಅಂಕಿಯನ್ನು, 8ನೇ ಹಂತದಲ್ಲಿ ನೀವು ಕಂಡುಕೊಂಡ ಆಯುಷ್ಯದಿಂದ ಭಾಗಿಸಿ. ಆಯುಷ್ಯ ಎಂದರೆ ಮಿಡ್‌ಸೋಲ್, ಔಟ್‌ಸೋಲ್, ಅಪ್ಪರ್ ಮೂರರಲ್ಲಿ ಯಾವುದು ಮೊದಲು ಕೈಕೊಡುತ್ತದೋ ಅದು. 8 ಕಿಲೋ ಎಂದು ಹೇಳಿಕೊಳ್ಳುವ ಶೂ 350 ಕಿ.ಮೀ.ಗೆ ಮುಗಿದರೆ ಕಿಲೋಮೀಟರಿಗೆ ಸುಮಾರು 23 ಗ್ರಾಂ. 14 ಕಿಲೋದ ಸಾಮಾನ್ಯ ಶೂ 700 ಕಿ.ಮೀ. ಬಂದರೆ 20 ಗ್ರಾಂ. ಹಸಿರು ಚೀಟಿಯ ಶೂ ಸೋತಿತು. ಅದೇ ಶೂ 500 ಕಿ.ಮೀ. ಬಂದರೆ 16 ಗ್ರಾಂ, ಗೆದ್ದಿತು. ನಡುವಿನ ವ್ಯತ್ಯಾಸವೆಲ್ಲ ಫೋಮಿನ ಬಾಳಿಕೆಯಲ್ಲಿದೆ, ಅದಕ್ಕೇ ಒತ್ತುಗೋಲಿಗೆ ಅಷ್ಟು ಜಾಗ ಕೊಟ್ಟದ್ದು. ಎರಡು ಅಂಕಿಗಳ ಗಡಿ ಒಂದೇ ಆಗಿರಬೇಕು. ಒಂದು ಕಾರ್ಖಾನೆಯ ಬಾಗಿಲವರೆಗಿನದು, ಇನ್ನೊಂದು ಎಸೆಯುವವರೆಗಿನದು ಆದರೆ ಈ ಭಾಗಾಕಾರ ಮಾಡಬೇಡಿ.

"ಹಳೆಯ ಶೂ ವಾಪಸ್ ಪಡೆಯುತ್ತೇವೆ" ಎಂಬ ಮಾತನ್ನೂ ಪರೀಕ್ಷೆಯ ಭಾಗವಾಗಿಯೇ ನೋಡಿ. 300 ಕಿ.ಮೀ. ಆಸುಪಾಸಿನಲ್ಲೇ ತಯಾರಕರಿಗೆ ಬರೆದು ನಾಲ್ಕು ವಿಷಯ ಕೇಳಿ: ಯಾವ ಸ್ಥಿತಿಯ ಶೂ ತೆಗೆದುಕೊಳ್ಳುತ್ತೀರಿ, ಸಾಗಣೆ ವೆಚ್ಚ ಯಾರದು, ಬಿಡಿಭಾಗಗಳನ್ನು ಬೇರ್ಪಡಿಸುತ್ತೀರೋ ಪುಡಿ ಮಾಡುತ್ತೀರೋ, ಪುಡಿಯಿಂದ ಏನಾಗುತ್ತದೆ. ಕೇಳಿದ ದಿನ, ಉತ್ತರ ಬಂದ ದಿನ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಉತ್ತರ ಬರದಿದ್ದರೆ ಆ ಕಾಲಂ ಖಾಲಿಯೇ ಇರಲಿ.